ಎಚ್‌ಐವಿ ಇರೋ ಅಣ್ಣನ್ನ "ಮನಿಗಿ ಒಯ್ರಿ" ಅಂದಾರ, ಈಗ ಏನ್ ಮಾಡ್ಬೇಕು?

ಪ್ರಶ್ನೆ: ಸರ್, ನಾವು ಶಹಾಪುರ ತಾಲೂಕಿನವ್ರು. ನಮ್ಮ ಅಣ್ಣಗ 46 ವರ್ಷ, 2009ರಾಗ ಎಚ್‌ಐವಿ ಅಂತ ಗೊತ್ತಾಯ್ತು, ಅವಾಗಿಂದ ಎಚ್‌ಐವಿ ಅದುಮಿಡೋ ಎಆರ್‌ಟಿ ಗುಳಿಗಿ ತಗೋತಿದ್ದ, ಶುಗರೂ ಅದ. ಹೋದ ವರ್ಷ ಪುಣೆಕ್ಕ ಬಿಲ್ಡಿಂಗ್ ಕೆಲಸಕ್ಕ ಹೋದವ ಗುಳಿಗಿ ಬಿಟ್ಟುಬಿಟ್ಟಾನ. ಈಗ ಮನಿಗಿ ಬಂದಾನ, ಎಲುಬು ಕಾಣ್ಲತ್ತಾವ, ಕೆಮ್ಮು ಅದ, ಬಾಯಾಗ ಬಿಳೇದು ಕಟ್ಯದ, ದಿನಕ್ಕ ಐದಾರು ಸಲ ಭೇದಿ, ರಾತ್ರಿ ಕಾಲು ಉರಿತಾವ ಅಂತ ಅಳ್ತಾನ. ಒಂದು ಖಾಸಗಿ ದವಾಖಾನ್ಯಾಗ ತೋರ್ಸಿದ್ರ "ಇನ್ನ ಏನೂ ಉಳ್ದಿಲ್ಲ, ಮನಿಗಿ ಒಯ್ದು ಸೇವಾ ಮಾಡ್ರಿ" ಅಂದ್ರು. ಗುಳಿಗಿ ಮತ್ತ ಚಾಲೂ ಮಾಡ್ಬೇಕೋ ಬ್ಯಾಡೋ? ನೋವಿಗಿ ಮಾರ್ಫಿನ್ ಕೊಟ್ರ ಚಟ ಹತ್ತತದಂತ, ಖರೇ ಏನು? ಅವ್ವ ಅವನ ತಾಟು ಗ್ಲಾಸು ಬ್ಯಾರೆ ಇಟ್ಟಾಳ. ನೋಡ್ಕೊಳ್ಳೋದು ನಾನೊಬ್ಬಾಕಿನೇ, ಹೆಂಗ ನೋಡ್ಕೋಬೇಕು ಹೇಳ್ರಿ.

ಉತ್ತರ: ತಂಗಿ, ಮೊದ್ಲು ಆ "ಇನ್ನ ಏನೂ ಉಳ್ದಿಲ್ಲ" ಅನ್ನೋ ಮಾತು ಪಕ್ಕಕ್ಕಿಡ್ರಿ. ಕ್ಯಾನ್ಸರ್ ಕಡೀ ಹಂತಕ್ಕ ಹೋದಾಗ ಡಾಕ್ಟ್ರು ಈ ಮಾತು ಹೇಳಿದ್ರ ಅದಕ್ಕೊಂದು ಅರ್ಥ ಇರ್ತದ, ಆದ್ರ ಎಚ್‌ಐವಿ ಹಂಗಲ್ಲ. ಗುಳಿಗಿ ಬಿಟ್ಟು ಸಿಡಿ4 (ಸೋಂಕಿನ ಜೋಡಿ ಹೋರಾಡೋ ರಕ್ತದ ಕಣಗಳ ಲೆಕ್ಕ) ಐವತ್ತರ ಕೆಳಗ ಇಳ್ದು, ಹೊತ್ಕೊಂಡು ತಂದ ಮನಷ್ಯಾ ವರ್ಷದ ಒಳಗ ತಾನೇ ನಡ್ಕೊಂಡು ಗುಳಿಗಿ ಒಯ್ಲಕ್ಕ ಬರೋದು ಎಆರ್‌ಟಿ ಸೆಂಟರ್‌ನ್ಯಾಗ ಕೆಲಸ ಮಾಡೋರಿಗಿ ಹೊಸಾದಲ್ಲ. ನಿಮ್ಮ ಅಣ್ಣ ಖಂಡಿತ ಹಂಗೇ ಆಗ್ತಾರ ಅಂತ ನಾ ಮಾತು ಕೊಡ್ಲಕ್ಕ ಆಗಂಗಿಲ್ಲ, ಆದ್ರ ಯಾಕ ಹಿಂಗಾಗ್ಯಾರ ಅಂತ ಹುಡಕದೇ ಕೈ ಬಿಡೋದು ತಪ್ಪು. ಹಂಗಂತ ಟೆಸ್ಟ್ ಎಲ್ಲಾ ಮುಗೀಲಿ, ಆಮ್ಯಾಲ ನೋವಿಗಿ ನೋಡೋಣು ಅನ್ನೋದೂ ಅಷ್ಟೇ ತಪ್ಪು. ಪ್ಯಾಲಿಯೇಟಿವ್ ಕೇರ್, ಅಂದ್ರ ನೋವು ತ್ರಾಸ ಕಮ್ಮಿ ಮಾಡೋ ಆರೈಕಿ, ಸಾಯೋರಿಗಿ ಕಡೀ ವಾರ ಮಾಡೋ ಸೇವಾ ಅಂತ ನಮ್ಮ ಕಡಿ ಭಾಳ ಮಂದಿ ತಿಳ್ಕೊಂಡಾರ, ಡಾಕ್ಟ್ರುಗಳೂ ಸೈತ. ಎಚ್‌ಐವಿ, ಕಿಡ್ನಿ, ಹಾರ್ಟು, ಲಕ್ವಾ, ಯಾವ ದೊಡ್ಡ ಬ್ಯಾನಿನೇ ಇರ್ಲಿ, ತ್ರಾಸ ಸುರು ಆದ ದಿನದಿಂದನೇ ಇದು ಚಿಕಿತ್ಸಾದ ಜೋಡಿ ಜೋಡಿನೇ ನಡೀಬೇಕು.

ಈಗ ಮೊದಲ್ನೇ ಕೆಲಸ, ಅವ್ರ ಹೆಸರಿರೋ ಎಆರ್‌ಟಿ ಸೆಂಟರ್‌ಗಿ ಕರ್ಕೊಂಡು ಹೋಗ್ರಿ. "ಗುಳಿಗಿ ಬಿಟ್ಟಿದ್ದಕ್ಕ ಬೈತಾರ" ಅನ್ನೋ ಹೆದರಿಕಿಂದನೇ ಭಾಳ ಮಂದಿ ಹೋಗಂಗಿಲ್ಲ. ಬೈದ್ರೂ ಬೈಲಿ, ಹೆಸರು ತಗದು ಹಾಕಂಗಿಲ್ಲ. ಮನ್ಯಾಗ ಹಳೇ ಗುಳಿಗಿ ಉಳ್ದಿದ್ರ ನೀವಾಗಿ ಚಾಲೂ ಮಾಡಬ್ಯಾಡ್ರಿ, ಯಾಕಂದ್ರ ಕೆಮ್ಮು ಅದ, ತೂಕ ಇಳ್ದದ, ನಮ್ಮ ದೇಶದಾಗ ಹಿಂಗಿದ್ರ ಮೊದ್ಲು ಟಿಬಿ ಅನ್ಕೊಂಡೇ ಹುಡುಕ್ಬೇಕು. ಕಫ ಸಿಬಿನಾಟ್ ಮಷೀನ್‌ನ್ಯಾಗ ಹಾಕ್ತಾರ, ಎದಿ ಎಕ್ಸರೇ ತಗೀತಾರ, ಸಿಡಿ4, ಕಿಡ್ನಿ ಸಲ್ವಾಗಿ ಕ್ರಿಯಾಟಿನಿನ್, ಶುಗರ್, ರಕ್ತದ ಪ್ರಮಾಣ ನೋಡ್ತಾರ. ಸಿಡಿ4 200ರ ಕೆಳಗ ಇದ್ರ ಕ್ರಿಪ್ಟೋಕಾಕಸ್ ಅನ್ನೋ ಫಂಗಸ್‌ದ ರಕ್ತ ಟೆಸ್ಟೂ ಮಾಡ್ರಿ ಅಂತ ಕೇಳ್ರಿ, ಇದು ಮೆದುಳಿಗಿ ಹತ್ತಿದ್ರ ಬರೇ ತೆಲಿನೋವು ಅಂತ ಕಾಣಿಸ್ತದ, ಆಮ್ಯಾಲ ಜೀವಾನೇ ತಗೀತದ. ಟಿಬಿ ಸಿಕ್ರ ಮೊದ್ಲು ಟಿಬಿ ಔಷಧ ಸುರು, ಆಮ್ಯಾಲ ಸಾಮಾನ್ಯವಾಗಿ ಎರಡು ವಾರದೊಳಗ ಎಆರ್‌ಟಿ, ಮೆದುಳಿನ ಟಿಬಿ ಇದ್ರ ಇನ್ನೂ ತಡ ಮಾಡ್ತಾರ. ಈಗಿನ ಎಆರ್‌ಟಿ ಅಂದ್ರ ಟಿಎಲ್‌ಡಿ, ಮೂರು ಔಷಧ ಒಂದೇ ಗುಳಿಗ್ಯಾಗ, ದಿನಕ್ಕ ಒಂದು. ಆದ್ರ ಟಿಬಿದು ರಿಫಾಂಪಿಸಿನ್ ನಡೀತಿದ್ರ ಟಿಎಲ್‌ಡಿ ಒಳಗಿನ ಡೊಲುಟೆಗ್ರಾವಿರ್ ಇನ್ನೊಂದು 50 ಮಿಲಿಗ್ರಾಂ ಸಂಜಿಗಿ ಬ್ಯಾರೆ ಕೊಡ್ತಾರ. ಎರಡನೇ ಗುಳಿಗಿ ಯಾಕ ಅಂತ ಗೊತ್ತಾಗದೇ ಎಷ್ಟೋ ಮಂದಿ ಅದನ್ನೇ ಬಿಟ್ಟುಬಿಡ್ತಾರ.

ಒಂದು ಮಾತು ಈಗ್ಲೇ ಹೇಳಿಟ್ಟಿರ್ತೀನಿ. ಎಆರ್‌ಟಿ ಮತ್ತ ಸುರು ಆದ ಮೊದಲ್ನೇ ವಾರಗಳಾಗ ಕೆಲವ್ರಿಗಿ ಜ್ವರ ಬರ್ತದ, ಗಂಟು ಬಾತ್ಕೋತಾವ, ಮೊದಲ್ಗಿಂತ ಜಾಸ್ತಿ ಆದಂಗ ಕಾಣ್ತದ. ದೇಹಕ್ಕ ಶಕ್ತಿ ವಾಪಸ್ ಬರೋದ್ರೊಳಗ ಒಳಗ ಅಡಗಿದ್ದ ಸೋಂಕಿನ ಜೋಡಿ ಜಗಳಕ್ಕ ಬೀಳ್ತದ, ಅದಕ್ಕ ಹಂಗಾಗ್ತದ. ಅವಾಗ "ಗುಳಿಗಿಂದನೇ ಹಿಂಗಾತು" ಅಂತ ನಿಲ್ಲಸಬ್ಯಾಡ್ರಿ, ಸೆಂಟರ್‌ಗಿ ಹೋಗಿ ತೋರಸ್ರಿ.

ಈಗ ಕಾಲುರಿಗಿ ಬರ್ತೀನಿ, ಯಾಕಂದ್ರ ನಿದ್ದಿ ಇಲ್ಲದ ಮನಷ್ಯಾಗ ಯಾವ ಗುಳಿಗಿನೂ ನುಂಗ್ಬೇಕು ಅನಸಂಗಿಲ್ಲ. ನಿಮ್ಮ ಅಣ್ಣನ ಕಾಲುರಿಗಿ ಕಾರಣ ಒಂದಲ್ಲ, ಮೂರು ನಾಕು ಇರ್ಬೋದು. ಎಚ್‌ಐವಿ ತಾನೇ ನರ ಸುಡ್ತದ. ಶುಗರ್ ಸುಡ್ತದ. ಇನ್ನ ಸರ್ಕಾರ 2004ರಾಗ ಫುಕಟ್ ಎಆರ್‌ಟಿ ಸುರು ಮಾಡಿದ ಮ್ಯಾಲ ಭಾಳ ವರ್ಷ ಸ್ಟ್ಯಾವುಡಿನ್ ಅನ್ನೋ ಔಷಧ ನಡೀತಿತ್ತು, ಜೀವ ಉಳಿಸ್ತು ಖರೇ, ಆದ್ರ ನರಕ್ಕ ಹೊಡೀತು, ಕೆನ್ನಿ ಒಳಗ ಹೋಗಿ ಮಾರಿ ಬತ್ತಿದಂಗ ಆಗೋದೂ ಅದ್ರಿಂದನೇ. 2009ರ ಕಡೀಗಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಬಿಡ್ರಿ ಅಂತು. ಅಣ್ಣ ಸುರುವಿನ ವರ್ಷಗಳಾಗ ಅದನ್ನ ನುಂಗಿರ್ಬೋದು, ಹಳೇ ಬುಕ್‌ನ್ಯಾಗ ನೋಡಿದ್ರ ಸಿಗ್ತದ. ನಾಕನೇದು, ಟಿಬಿ ಔಷಧದಾಗಿನ ಐಸೋನಿಯಾಜಿಡ್‌ನೂ ಕಾಲು ಉರಸ್ತದ, ಅದ್ರ ಜೋಡಿ ಪೈರಿಡಾಕ್ಸಿನ್ ಅಂದ್ರ ಬಿ6 ಕೊಟ್ಟಾರೇನು ಕೇಳ್ರಿ, ಕೊಟ್ಟಿಲ್ಲಂದ್ರ ಕೇಳಿ ಇಸ್ಕೋರಿ. ಶುಗರ್‌ಗಿ ಮೆಟ್‌ಫಾರ್ಮಿನ್ ಭಾಳ ವರ್ಷ ತಗೊಂಡ್ರ ಬಿ12 ಇಳೀತದ, ಅದನ್ನೂ ನೋಡಿಸ್ಬೇಕು.

ಈ ಉರಿಗಿ ಸಾದಾ ನೋವಿನ ಗುಳಿಗಿ ಹತ್ತಂಗಿಲ್ಲ. ಅಮಿಟ್ರಿಪ್ಟಿಲಿನ್ ಅಂತ ಒಂದದ, ಸಸ್ತಾ, 10 ಮಿಲಿಗ್ರಾಂ ಇಂದ ಸುರು ಮಾಡಿ ರಾತ್ರಿ ಊಟ ಆದ ಮ್ಯಾಲ ಕೊಡ್ತಾರ, ನಿದ್ದಿನೂ ಬರ್ತದ. ಮೆಡಿಕಲ್‌ನವ ಅದನ್ನ "ಇದು ಮಾನಸಿಕ ಗುಳಿಗಿ" ಅಂದ್ರ ಗಾಬರಿ ಆಗಬ್ಯಾಡ್ರಿ, ಕಮ್ಮಿ ಡೋಸಿನ್ಯಾಗ ಅದು ನರಕ್ಕೇ. ಬಾಯಿ ಒಣಗ್ತದ, ಮುಂಜಾನಿ ಜಡ ಇರ್ತದ, ಅದು ಒಂದು ವಾರದಾಗ ಕಮ್ಮಿ ಆಗ್ತದ. ಅದು ಆಗ್ಲಿಲ್ಲಂದ್ರ ಪ್ರಿಗಾಬಲಿನ್, ಆದ್ರ ಕಿಡ್ನಿ ನೋಡ್ಕೊಂಡು ಡೋಸ್ ಇಳಸ್ಬೇಕು. ಎರಡೂ ಡಾಕ್ಟ್ರು ಬರ್ದು ಕೊಟ್ಟ ಮ್ಯಾಲೇ.

ಒಂದು ಮಾತ್ರ ಗಟ್ಟಿ ಹೇಳ್ತೀನಿ, ಊರಾಗಿನ ಆರ್‌ಎಂಪಿ (ಡಿಗ್ರಿ ಇಲ್ಲದ ಡಾಕ್ಟ್ರು) ಹತ್ರ ಹೋಗಿ ನೋವಿನ ಸೂಜಿ ಮಾಡಸಬ್ಯಾಡ್ರಿ. ಅದು ಬಹುತೇಕ ಡೈಕ್ಲೋಫೆನಾಕ್ ಇರ್ತದ. ಟಿಎಲ್‌ಡಿ ಒಳಗಿನ ಟೆನೊಫೊವಿರ್ ಮೊದ್ಲೇ ಕಿಡ್ನಿ ಮ್ಯಾಲ ಭಾರ ಹಾಕೋ ಔಷಧ, ಶುಗರ್‌ನಿಂದ ಕಿಡ್ನಿ ಸೋತಿರ್ಬೋದು, ಭೇದಿಂದ ಮೈಯಾಗ ನೀರಿಲ್ಲ, ಅದ್ರ ಮ್ಯಾಲ ಈ ಸೂಜಿ ಅಂದ್ರ ಡಯಾಲಿಸಿಸ್‌ಗಿ ದಾರಿ ಮಾಡಿಕೊಟ್ಟಂಗ. ನಮ್ಮ ಭಾಗದಾಗ ಎಷ್ಟೋ ಕಿಡ್ನಿಗಳನ್ನ ಬ್ಯಾನಿಗಿಂತ ಮೊದ್ಲು ಈ ಸೂಜಿಗಳೇ ಕೆಡಿಸ್ಯಾವ ಅಂತ ನನ್ನ ಅನಿಸಿಕಿ. ಹಂಗೇ ಕಾಲು ಜೋಮು ಹಿಡಿದವ್ರಿಗಿ ಬಿಸಿ ನೀರಾಗ ಕಾಲಿಡ್ಸೋದು, ಇಟ್ಟಂಗಿ ಕಾಸಿ ಶಾಖ ಕೊಡೋದು ಬ್ಯಾಡ, ಸುಟ್ರೂ ಅವ್ರಿಗಿ ಗೊತ್ತಾಗಂಗಿಲ್ಲ. ತಣ್ಣೀರ ಅರಿವಿ ಸುತ್ರಿ, ಹೊದಿಕಿ ಕಾಲಿಗಿ ತಾಗದಂಗ ಮ್ಯಾಲೆತ್ತಿ ಇಡ್ರಿ, ಕೆಲವ್ರಿಗಿ ಹೊದಿಕಿ ತಾಗಿದ್ರೂ ಬೆಂಕಿ ತಾಗಿದಂಗ ಇರ್ತದ.

ಮಾರ್ಫಿನ್ ಬಗ್ಗೆ ಕೇಳೀರಿ. ನೋವಿಗಿ, ಡಾಕ್ಟ್ರು ಹೇಳಿದ ಲೆಕ್ಕಕ್ಕ ತಗೊಂಡ್ರ ಚಟ ಆಗೋದು ಭಾಳ ಅಪರೂಪ. ದೇಹಕ್ಕ ರೂಢಿ ಆಗ್ತದ, ಅದಕ್ಕ ಒಮ್ಮಿಗೇ ನಿಲ್ಲಸಬಾರ್ದು, ಮೆಲ್ಲಕ ಇಳಸ್ಬೇಕು, ಆದ್ರ ಚಟ ಅನ್ನೋದು ಬ್ಯಾರೆ. ಆಯುಷ್ಯನೂ ಕಮ್ಮಿ ಮಾಡಂಗಿಲ್ಲ. ಅಣ್ಣನ ಕಾಲುರಿಗಿ ಅದು ಮೊದಲ್ನೇ ಔಷಧ ಅಲ್ಲ, ನುಂಗ್ಲಕ್ಕ ಆಗದಷ್ಟು ಗಂಟಲ ನೋವು, ಎಲುಬಿನ ನೋವು, ಇಲ್ಲಾ ಉಸಿರು ಹಿಡ್ಕೊಂಡು ಒದ್ದಾಡೋ ಹಂತ ಬಂದ್ರ ಅದ್ರಂಥದ್ದು ಇನ್ನೊಂದಿಲ್ಲ. ಬಾಯಿಂದ ನುಂಗೋ ಸಾದಾ ಗುಳಿಗಿ ಇದ್ರ ನಾಕು ತಾಸಿಗಿ ಒಮ್ಮಿ, ನೋವು ಬರೋದ್ರ ಮೊದ್ಲೇ, ಗಡಿಯಾರ ನೋಡಿ ಕೊಡ್ಬೇಕು. ಮಲಬದ್ಧತೆ ಆಗ್ತದ, ಅದಕ್ಕ ಜೋಡಿನೇ ಸಂಡಾಸ ಸಡ್ಲ ಆಗೋ ಔಷಧ ಬರೀತಾರ, ಅಣ್ಣಗ ಈಗ ಭೇದಿ ಇರೋದ್ರಿಂದ ಅದನ್ನ ಡಾಕ್ಟ್ರು ಯೋಚನೆ ಮಾಡಿ ಕೊಡ್ತಾರ. ಕಿಡ್ನಿ ಕೆಟ್ಟಿದ್ರ ಮಾರ್ಫಿನ್ ಮೈಯಾಗ ಕೂತ್ಕೋತದ, ಡೋಸ್ ಕಮ್ಮಿ, ಗ್ಯಾಪ್ ಜಾಸ್ತಿ. 2014ರಾಗ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾನೂನು ತಿದ್ದುಪಡಿ ಆಗಿ ಮಾನ್ಯತೆ ಪಡೆದ ದವಾಖಾನಿಗಳು ಇದನ್ನ ಇಡ್ಲಕ್ಕ ಮೊದಲಿನಷ್ಟು ಲೈಸೆನ್ಸ್ ಕಾಟ ಇಲ್ಲ, ಆದ್ರೂ ಎಲ್ಲಾ ಮೆಡಿಕಲ್ ಶಾಪಿನ್ಯಾಗ ಸಿಗಂಗಿಲ್ಲ. ಕಲಬುರಗಿದಾಗ ಕಿದ್ವಾಯಿ ಕ್ಯಾನ್ಸರ್ ದವಾಖಾನಿ ಶಾಖೆ ಅದ, ಮೆಡಿಕಲ್ ಕಾಲೇಜು ದವಾಖಾನಿಗಳವ, ಅಲ್ಲಿ ವಿಚಾರಸ್ರಿ. ತಂದ ಮ್ಯಾಲ ಪೆಟ್ಟಿಗ್ಯಾಗ ಕೀಲಿ ಹಾಕಿ ಇಡ್ರಿ, ಉಳ್ದಿದ್ದು ವಾಪಸ್ ಕೊಡ್ರಿ.

ಬಾಯಾಗಿನ ಬಿಳೇದು ಕ್ಯಾಂಡಿಡಾ ಅನ್ನೋ ಫಂಗಸ್ ಇರ್ಬೇಕು, ಫ್ಲುಕೊನಜೋಲ್ ಕೊಟ್ರ ಕೆಲವು ದಿನದಾಗ ಇಳೀತದ. ನುಂಗುವಾಗ ಎದಿ ಹಿಂದ ನೋಯ್ತಂದ್ರ ಅದು ಅನ್ನನಾಳಕ್ಕೂ ಇಳ್ದದ ಅಂತ ಲೆಕ್ಕ, ಆವಾಗ ಔಷಧ ಹೆಚ್ಚು ದಿನ ಬೇಕು. ಊಟದ ಮ್ಯಾಲ ಪ್ರತೀ ಸಲ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸಲಿ, ಆಗ್ಲಿಲ್ಲಂದ್ರ ನೀವೇ ಮೆತ್ತನ ಹತ್ತಿ ಅರಿವಿ ತೊಯ್ಸಿ ಒರಸ್ರಿ. ಬಾಯಿ ಹುಣ್ಣಾದವಗ ಖಾರದ ಪುಂಡಿಪಲ್ಯ, ಶೇಂಗಾ ಹಿಂಡಿ, ಕಟಕ ರೊಟ್ಟಿ ಮುಂದ ಇಟ್ಟು "ಉಣ್ಣಂಗಿಲ್ಲ ನೋಡ್ರಿ" ಅಂತ ಹೇಳೋ ಮನಿಗಳನ್ನ ಭಾಳ ನೋಡೀನಿ, ಪಾಪ ಅವ ಹೆಂಗ ಉಣ್ತಾನ? ಜ್ವಾಳದ ಅಂಬಲಿ ಮಜ್ಜಿಗಿ ಹಾಕಿ, ತೊಗರಿ ಬ್ಯಾಳಿ ಕಟ್ಟು ಖಾರಿಲ್ದೆ, ಹೆಸರುಬ್ಯಾಳಿ ಗಂಜಿ, ಬೇಯಿಸಿದ ತತ್ತಿ, ಎರಡು ತಾಸಿಗೊಮ್ಮಿ ನಾಕೇ ತುತ್ತು. ಟಿಬಿ ಅಂತ ಸರ್ಕಾರದ ಟಿಬಿ ನೋಂದಣಿ ನಿಕ್ಷಯ್‌ದಾಗ ಹೆಸರು ಹತ್ತಿದ್ರ ಪೌಷ್ಟಿಕ ಆಹಾರಕ್ಕ ತಿಂಗಳಿಗಿ 1000 ರೂಪಾಯಿ ಖಾತೆಗಿ ಬರ್ತದ, ಬ್ಯಾಂಕ್ ಪಾಸ್‌ಬುಕ್ ಕೊಡೋದು ಮರೀಬ್ಯಾಡ್ರಿ. ಟಾನಿಕ್ ಮ್ಯಾಲ ಟಾನಿಕ್ ತರೋದು ನಿಲ್ಲಸ್ರಿ. ಐರನ್, ಕ್ಯಾಲ್ಸಿಯಂ, ಅಲ್ಯುಮಿನಿಯಂ ಮೆಗ್ನೀಶಿಯಂ ಇರೋ ಎಸಿಡಿಟಿ ಔಷಧ ಡೊಲುಟೆಗ್ರಾವಿರ್ ಜೋಡಿ ಸೇರಿದ್ರ ಡೊಲುಟೆಗ್ರಾವಿರ್ ರಕ್ತಕ್ಕ ಸರಿಯಾಗಿ ಹತ್ತಂಗಿಲ್ಲ, ಟಿಎಲ್‌ಡಿ ನುಂಗಿ ಎರಡು ತಾಸು ಆದ ಮ್ಯಾಲೇ ಅವು. ಮೆಟ್‌ಫಾರ್ಮಿನ್‌ನೂ ಡೊಲುಟೆಗ್ರಾವಿರ್ ಜೋಡಿ ದಿನಕ್ಕ 1000 ಮಿಲಿಗ್ರಾಂ ದಾಟಬಾರ್ದು, ಶುಗರ್ ಡಾಕ್ಟ್ರಿಗಿ ಟಿಎಲ್‌ಡಿ ನಡ್ದದ ಅಂತ ಹೇಳದಿದ್ರ ಅವ್ರಿಗಿ ಹೆಂಗ ಗೊತ್ತಾಗ್ಬೇಕು?

ಭೇದಿಗಿ ಓಆರ್‌ಎಸ್. ಪಾಕೀಟು ಇಲ್ಲಂದ್ರ ಒಂದು ಲೀಟರ್ ಕಾಯ್ಸಿ ಆರ್ಸಿದ ನೀರಿಗಿ ಆರು ಚಾ ಚಮಚ ಸಕ್ರಿ, ಅರ್ಧ ಚಮಚ ಉಪ್ಪು, ಮ್ಯಾಲಿನ ಅಂಚಿಗಿ ಸಮ ಅಳ್ದು. ಶುಗರ್ ಇದ್ದವ್ರಿಗಿ ಓಆರ್‌ಎಸ್ ಕೊಡಬಾರ್ದು ಅಂತಾರ, ಹಂಗಿಲ್ಲ, ನೀರು ಹೋಗಿ ಸಾಯೋದಕ್ಕಿಂತ ಶುಗರ್ ಒಂದಿಷ್ಟು ಏರೋದು ಮೇಲು, ಅಳ್ಕೋತ ಕೊಡ್ರಿ. ಏಪ್ರಿಲ್ ಮೇದಾಗ ನಮ್ಮ ಕಡಿ 42, 43 ಡಿಗ್ರಿ ಬಿಸಿಲು, ಆರಾಮಿದ್ದವನೇ ಬಾಡ್ತಾನ, ಭೇದಿ ಇದ್ದವ ಎರಡು ದಿನದಾಗ ಕಿಡ್ನಿ ಕಳ್ಕೋಬೋದು. ಮೂತ್ರ ಕಮ್ಮಿ ಆಗಿ ಕಂದ ಬಣ್ಣ ಬಂತಂದ್ರ ಸಲಾಯಿನ್ ಬೇಕು, ದವಾಖಾನಿಗಿ ಹೋಗ್ರಿ. ಎರಡು ವಾರ ದಾಟಿದ ಭೇದಿಗಿ ಮಲ ಟೆಸ್ಟ್ ಮಾಡಿಸ್ಲೇಬೇಕು, ರಕ್ತ ಇಲ್ಲಾ ಜ್ವರ ಇದ್ರ ಭೇದಿ ನಿಲ್ಲಿಸೋ ಗುಳಿಗಿ ನೀವಾಗಿ ಕೊಡಬ್ಯಾಡ್ರಿ. ಸಂಡಾಸ ಆದಾಗೊಮ್ಮಿ ಸಾದಾ ನೀರಿನಿಂದ ತೊಳ್ದು ಒತ್ತಿ ಒರಸ್ರಿ, ತಿಕ್ಕಬ್ಯಾಡ್ರಿ, ಕೊಬ್ಬರಿ ಎಣ್ಣಿ ಇಲ್ಲಾ ವ್ಯಾಸಲಿನ್ ಹಚ್ರಿ.

ಮಲಗಿದಲ್ಲೇ ಇದ್ದಾರಂದ್ರ ಎರಡು ತಾಸಿಗೊಮ್ಮಿ ಮಗ್ಗಲು ಬದಲಸ್ರಿ. ಹೊರಸಿನ ಮ್ಯಾಲ ಬರೇ ಹಗ್ಗದ ಮ್ಯಾಲ ಮಲಗಸಬ್ಯಾಡ್ರಿ, ದಪ್ಪ ಕೌದಿ ಹಾಕಿ ಸುಕ್ಕಿಲ್ದಂಗ ಹಾಸ್ರಿ. ಸೊಂಟದ ಕೆಳಗ, ಹಿಮ್ಮಡದ ಹತ್ರ ಕೆಂಪಾಗಿ ಒತ್ತಿದ್ರೂ ಬೆಳ್ಳಗ ಆಗ್ಲಿಲ್ಲಂದ್ರ ಹುಣ್ಣು ಸುರು ಆಗ್ಯದ ಅಂತ. ಟ್ಯೂಬಿನಂಥ ಗೋಲ ರಿಂಗ್ ಹಾಕಿ ಕೂಡ್ಸೋದು ಬ್ಯಾಡ, ಸುತ್ತಲಿನ ರಕ್ತ ಓಡಾಟಾನೇ ನಿಲ್ತದ. ಹುಣ್ಣು ವಾಸನಿ ಬರ್ಲತ್ರ ಮೆಟ್ರೊನಿಡಜೋಲ್ ಗುಳಿಗಿ ನುಣ್ಣಗ ಪುಡಿ ಮಾಡಿ ತೊಳ್ದ ಹುಣ್ಣಿನ ಮ್ಯಾಲ ಉದರಿಸಿ ಡ್ರೆಸಿಂಗ್ ಮಾಡೋದನ್ನ ನರ್ಸ್ ಹತ್ರ ಕಲ್ಕೋರಿ. ಕೆಲವು ರೂಪಾಯಿದಾಗ ಆಗೋ ಕೆಲಸ, ಆದ್ರ ವಾಸನಿ ಹೋತಂದ್ರ ಮಂದಿ ಕೋಣಿ ಒಳಗ ಬಂದು ಕುಂದ್ರತಾರ. ಇದ್ರಷ್ಟು ದೊಡ್ಡ ಔಷಧ ನಾ ಕಂಡಿಲ್ಲ.

ಅವ್ವನ ತಾಟಿನ ವಿಷಯ. ತಾಟು, ಗ್ಲಾಸು, ಅರಿವಿ, ಬಚ್ಚಲು, ಮುಟ್ಟೋದು, ಅಪ್ಪಿಕೊಳ್ಳೋದು, ಸೊಳ್ಳಿ ಕಡಿಯೋದು, ಯಾವುದ್ರಿಂದನೂ ಎಚ್‌ಐವಿ ಬರಂಗಿಲ್ಲ. ಅವ್ವಗ ಬೈಬ್ಯಾಡ್ರಿ, ಆಕಿ ಹೆದರಿಕಿಗಿ ಇಟ್ಟಾಳ. ಸೆಂಟರ್‌ಗಿ ಹೋಗುವಾಗ ಆಕಿನ್ನೂ ಜೋಡಿ ಕರ್ಕೊಂಡು ಹೋಗ್ರಿ, ಕೌನ್ಸೆಲರ್ ಬಾಯಿಂದ ಕೇಳಿದ್ರ ಮಗಳು ಹೇಳಿದ್ದಕ್ಕಿಂತ ಜಲ್ದಿ ತೆಲಿಗಿ ಹೋಗ್ತದ. ಆದ್ರ ನಿಮ್ಮನ್ಯಾಗ ಖರೇನ ಹರಡಬಹುದಾದ್ದು ಯಾವ್ದು ಅಂದ್ರ ಆ ಕೆಮ್ಮು. ಟಿಬಿ ಗೊತ್ತಾಗೋ ತನಕ ಕಿಟಕಿ ಬಾಗಲು ತಗದು ಗಾಳಿ ಆಡ್ಲಿ, ಅಣ್ಣ ಮಾಸ್ಕ್ ಇಲ್ಲಾ ಟವಲು ಬಾಯಿಗಿ ಹಿಡೀಲಿ, ಸಣ್ಣ ಹುಡುಗ್ರು ಅದೇ ಕೋಣ್ಯಾಗ ಮಲಗೋದು ಬ್ಯಾಡ. ಟಿಬಿ ಅಂತ ಬಂದ್ರ ಮನಿ ಮಂದಿ ಎಲ್ಲಾರ್ದೂ ತಪಾಸಣಿ ಆಗ್ಬೇಕು, ಬ್ಯಾನಿ ಇಲ್ಲದವ್ರಿಗೂ ತಡೆಗಟ್ಟೋ ಗುಳಿಗಿ ಕೊಡ್ತಾರ. ರಕ್ತ, ರಕ್ತ ಬಿದ್ದ ಅರಿವಿ ಮುಟ್ಟುವಾಗ ಗ್ಲೌಸ್ ಹಾಕ್ಕೋರಿ, ಇಲ್ಲಂದ್ರ ಕೈಗಿ ಪ್ಲಾಸ್ಟಿಕ್ ಚೀಲ. ಇನ್ಸುಲಿನ್ ನಡೀತಿದ್ರ ಸೂಜಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಳಗ ಹಾಕ್ರಿ, ಕ್ಯಾಪ್ ವಾಪಸ್ ಹಾಕ್ಲಕ್ಕ ಹೋಗಿ ಚುಚ್ಚಿಸ್ಕೋಬ್ಯಾಡ್ರಿ. ಚುಚ್ಚಿದ್ರ ಸಾಬೂನು ಹಚ್ಚಿ ನೀರಾಗ ತೊಳ್ದು ಆವತ್ತೇ ಸರ್ಕಾರಿ ದವಾಖಾನಿಗಿ ಓಡ್ರಿ, 72 ತಾಸಿನ ಒಳಗ ಸುರು ಮಾಡಿದ್ರ 28 ದಿನದ ಔಷಧ ತಡೀತದ, ಆದ್ರ ಎಷ್ಟು ಜಲ್ದಿ ಅಷ್ಟು ಛಲೋ.

ಊರಿಗಿ ಏನ್ ಹೇಳೋದು? ಏನೂ ಹೇಳೋದು ಬ್ಯಾಡ. ಯಾರಿಗಿ ಹೇಳ್ಬೇಕು ಅನ್ನೋದು ಅಣ್ಣನ ಹಕ್ಕು, 2017ರ ಎಚ್‌ಐವಿ ಏಡ್ಸ್ ಕಾಯಿದೆ ಅದನ್ನೇ ಹೇಳ್ತದ, 2018ರ ಸೆಪ್ಟೆಂಬರ್‌ನಿಂದ ಜಾರಿ ಅದ. ಎಚ್‌ಐವಿ ಅದ ಅನ್ನೋ ಕಾರಣಕ್ಕ ದವಾಖಾನಿ ಚಿಕಿತ್ಸಾ ನಿರಾಕರಿಸಂಗಿಲ್ಲ, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ. ಹಂಗ ಆದ್ರ 1097ಕ್ಕ ಫೋನ್ ಮಾಡ್ರಿ, ಫುಕಟ್ ಸಹಾಯವಾಣಿ. ಅಣ್ಣಗ ಹೆಂಡ್ತಿ ಮಕ್ಕಳು ಇದ್ರ ಅವ್ರ ಟೆಸ್ಟ್ ಆಗ್ಯದೇನು ಅಂತ ಅಣ್ಣನ್ನೇ ಮೆಲ್ಲಕ ಕೇಳ್ರಿ, ಕೌನ್ಸೆಲರ್ ಮುಂದ ಕೇಳಿದ್ರ ಇನ್ನೂ ಛಲೋ. ಗುಳಿಗಿ ಸರಿಯಾಗಿ ತಗೊಂಡು ವೈರಸ್ ಟೆಸ್ಟಿನ್ಯಾಗ ಕಾಣದಷ್ಟು ಇಳ್ದು ಹಂಗೇ ಉಳ್ದ್ರ ಸಂಸಾರ ಮಾಡೋದ್ರಿಂದ ಇನ್ನೊಬ್ರಿಗಿ ಹೋಗಂಗಿಲ್ಲ, ಇದನ್ನ ಅಣ್ಣಗ ಹೇಳ್ರಿ. ಪುಣೆದಾಗ ಯಾಕ ಬಿಟ್ಟಿ ಅಂತ ಮಾತ್ರ ಚುಚ್ಚಬ್ಯಾಡ್ರಿ. ಹತ್ತು ಮಂದಿ ಒಂದೇ ಶೆಡ್ಡಿನ್ಯಾಗ ಮಲಗೋವಲ್ಲಿ ಗುಳಿಗಿ ಡಬ್ಬಿ ತಗದ್ರ ಗೊತ್ತಾಗ್ತದ ಅಂತ ಬಿಟ್ಟಿರ್ತಾರ, ನಮ್ಮ ಕಲಬುರಗಿ ಯಾದಗಿರಿಂದ ದುಡೀಲಕ್ಕ ಹೋದವ್ರ ಕಥಿ ಬಹುತೇಕ ಇದೇ. ಮುಂದ ಎಂದಾದ್ರೂ ಮತ್ತ ಹೋಗೋದಾದ್ರ ಎಆರ್‌ಟಿ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಹೋಗ್ಬೋದು ಅಂತ ಹೇಳಿಡ್ರಿ.

ಮೊದ್ಲು ಎಚ್‌ಐವಿ ಇದ್ದವ್ರಿಗಿ ಬೆಡ್ ಇರೋ ಕಮ್ಯುನಿಟಿ ಕೇರ್ ಸೆಂಟರ್ ಇದ್ವು, 2013ರ ಹೊತ್ತಿಗಿ ಅವು ಹೋಗಿ ವಿಹಾನ್ ಅಂತ ಯೋಜನೆ ಬಂತು, ಅದ್ರಾಗ ಫಾಲೋಅಪ್ ಅದ, ಕೌನ್ಸೆಲಿಂಗ್ ಅದ, ಮಲಗಸ್ಕೊಳ್ಳೋ ಬೆಡ್ ಇಲ್ಲ. ಭಾರ ಎಲ್ಲಾ ನಿಮ್ಮಂಥ ಅಕ್ಕತಂಗೇರ ಮ್ಯಾಲ ಬಿದ್ದದ, ಇದು ನನಗ ಸರಿ ಅನಸಂಗಿಲ್ಲ. ಅದಕ್ಕ ನೀವೊಬ್ರೇ ಹೊರಬ್ಯಾಡ್ರಿ. ರಾತ್ರಿ ಒಂದು ಪಾಳಿ ಯಾರಿಗಾರ ಹಚ್ರಿ, ಆಶಾ ಕಾರ್ಯಕರ್ತಿಗಿ ಹೇಳೋದಾದ್ರ ಅಣ್ಣನ ಒಪ್ಗಿ ತಗೊಂಡು ಹೇಳ್ರಿ. ನಿಮಗೇ ನಿದ್ದಿ ಬರಂಗಿಲ್ಲ, ಅಳು ಬರ್ತದ ಅಂದ್ರ ಟೆಲಿ ಮನಸ್ 14416, ಕನ್ನಡದಾಗೇ ಮಾತಾಡ್ತಾರ.

ಇಷ್ಟೆಲ್ಲಾ ಮಾಡಿದ್ರೂ ಕೈ ಮೀರಬಹುದು, ಆ ಮಾತೂ ಮುಚ್ಚಿಡಂಗಿಲ್ಲ. ಚಿಕಿತ್ಸಾ ನಡ್ದು, ಆಮ್ಯಾಲೂ ದಿನಾ ಇಳ್ಕೋತ ಹೋಗಿ, ಹೊತ್ತೆಲ್ಲಾ ನಿದ್ದಿ, ನೀರೂ ಗುಟುಕರಿಸ್ಲಕ್ಕ ಆಗಂಗಿಲ್ಲ ಅನ್ನೋ ದಿನ ಬಂದ್ರ ಡಾಕ್ಟ್ರನ್ನ ಕೇಳಿ ಎಆರ್‌ಟಿ, ಶುಗರ್ ಗುಳಿಗಿ ನಿಲ್ಲಿಸ್ಬೋದು, ನೋವಿಂದು ಮಾತ್ರ ನಿಲ್ಲಿಸೋದು ಬ್ಯಾಡ. ಒತ್ತಾಯ ಮಾಡಿ ಉಣಿಸಬ್ಯಾಡ್ರಿ, ಶ್ವಾಸಕ್ಕ ಹೋಗ್ತದ. ತುಟಿ ತೊಯ್ಸಿದ್ರ ಸಾಕು. ಮನ್ಯಾಗೇ ಇರ್ತೀನಿ ಅಂತಾನೋ ದವಾಖಾನ್ಯಾಗೋ, ಬ್ಯಾಂಕ್ ನಾಮಿನಿ, ಹೊಲದ ಉತಾರಿ, ಮಕ್ಕಳನ್ನ ಯಾರು ನೋಡ್ಕೋಬೇಕು, ಇವನ್ನ ಅಣ್ಣ ಎಚ್ಚರ ಇದ್ದಾಗಲೇ ಕೇಳ್ರಿ. ದರ್ಗಾಕ್ಕ ಹೋಗ್ಬೇಕಂದ್ರೂ, ಶರಣಬಸಪ್ಪನ ಗುಡಿಗಿ ಹೋಗ್ಬೇಕಂದ್ರೂ ಕರ್ಕೊಂಡು ಹೋಗ್ರಿ, ಗುಳಿಗಿ ಟೈಮು ತಪ್ಪಿಸದಿದ್ರ ಆಯ್ತು. ಜೀವ ಹೋದ ಮ್ಯಾಲ ಹೆಣಾ ಮುಟ್ಲಕ್ಕ ಹೆದರಬೇಕಿಲ್ಲ, ಗ್ಲೌಸ್ ಹಾಕ್ಕೊಂಡು ತೊಳೀರಿ, ಹುಣ್ಣಿದ್ರ ಕಟ್ರಿ, ಹೂಳೋದಿರ್ಲಿ ಸುಡೋದಿರ್ಲಿ ನಿಮ್ಮ ಪದ್ಧತಿ ಹೆಂಗೋ ಹಂಗೇ ಮಾಡ್ರಿ.

ಸದ್ಯ ಅದೆಲ್ಲಾ ದೂರ ಅದ. ನಾಳಿ ಮುಂಜಾನಿ ಹೋಗುವಾಗ ಎಆರ್‌ಟಿ ಬುಕ್, ಉಳ್ದ ಗುಳಿಗಿ ಡಬ್ಬಿ, ಶುಗರ್ ಚೀಟಿ, ಖಾಸಗಿ ದವಾಖಾನಿ ಕೊಟ್ಟ ಕಾಗದ, ಆಧಾರ್, ಪಾಸ್‌ಬುಕ್ ಒಂದೇ ಚೀಲದಾಗ ಹಾಕ್ಕೋರಿ, ದಾರ್ಯಾಗ ಕುಡೀಲಕ್ಕ ಓಆರ್‌ಎಸ್ ಬಾಟಲಿ ಬ್ಯಾರೆ. ಹೋಗೋದ್ರ ಮೊದ್ಲೇ ರಾತ್ರಿ ತಡೀಲಾರದ ತೆಲಿನೋವು, ಫಿಟ್ಸು, ಮಾತು ತೊದಲೋದು, ಉಸಿರು ಹಿಡಿಯೋದು ಇದ್ರಾಗ ಯಾವುದು ಕಂಡ್ರೂ ಬೆಳಗ ಆಗೋತನಕ ಕಾಯಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ.